ಗುಬ್ಬಿಯ ಬಟ್ಟೆಗಳು

ಹುಡುಗಿಯರ ಹಾಸ್ಟೆಲ್ಲಿನ ವಾರ್ಡನ್‌ಗೆ ಬೆನ್ನ ಹಿಂದೆ ಇದ್ದ ಹೆಸರು ಸೋಪಮ್ಮ. ವಿಶ್ವವಿದ್ಯಾಲಯಕ್ಕೆ ಬರುವ ಮೊದಲು ಆಕೆ ಆರೋಗ್ಯ ಇಲಾಖೆಯಲ್ಲಿದ್ದು, ಕಾಲರಾ ಬಂದ ಕಡೆಗೆಲ್ಲ ಓಡಾಡಿ ತಲೆ ನರೆಸಿಕೊಂಡವರು. ಊಟದ ಹಾಲಿನ ಬಾಗಿಲಲ್ಲಿ ನಿಂತು “ಕೈ ತೊಳೆದ್ಯಾ?” ಎಂದು ಕೇಳದೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಅಡ್ಡಹೆಸರು ಅವರ ಕಿವಿಗೂ ಬಿದ್ದಿತ್ತು, ಕೇಳಿಸದವರಂತೆ ಇದ್ದುಬಿಟ್ಟಿದ್ದರು.

ಪರೀಕ್ಷೆ ಹತ್ತಿರ ಬಂದಾಗ ಮೇಲಿನ ಮಹಡಿಯ ಗುಬ್ಬಿಗೆ ಜ್ವರ ಬಂತು. ಆಳು ಚಿಕ್ಕದು, ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರದು, ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಗುಬ್ಬಿ. ಬೆಳಿಗ್ಗೆ ತಲೆನೋವು ಎಂದವಳು ಮಧ್ಯಾಹ್ನದ ಹೊತ್ತಿಗೆ ಕತ್ತು ಬಗ್ಗಿಸಲಾರದಾದಳು. ಅವಳ ಕಾಲಿನ ಮೇಲೆದ್ದ ಕೆಂಪು ಚುಕ್ಕೆಗಳನ್ನು ನೋಡಿದ್ದೇ ತಡ, ವಾರ್ಡನ್ ಆಂಬುಲೆನ್ಸಿಗೂ ಕಾಯದೆ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ದರು. ಮಿದುಳುಜ್ವರ. ಮರುದಿನ ಗುಬ್ಬಿ ಕಣ್ಣು ಮುಚ್ಚಿದಳು.

ವಾರ್ಡನ್‌ಗೆ ಅಳಲು ಪುರಸೊತ್ತು ಸಿಗಲಿಲ್ಲ. ಹುಡುಗಿಯರು ಆಗಲೇ ಪೆಟ್ಟಿಗೆ ಕಟ್ಟುತ್ತಿದ್ದರು. ರೋಗವನ್ನು ಮನೆಮನೆಗೂ ಹೊತ್ತೊಯ್ದಾರು ಎಂದು ಮೆಟ್ಟಿಲಿಗೆ ಅಡ್ಡ ನಿಂತು, ಗುಬ್ಬಿಯ ಜೊತೆ ಒಡನಾಡಿದ ಒಬ್ಬೊಬ್ಬರಿಗೂ ಮಾತ್ರೆ ನುಂಗಿಸಿದರು. “ಕಲ್ಲು ಮನಸ್ಸು,” ಎಂದಳೊಬ್ಬಳು, ಕೇಳಿಸುವ ಹಾಗೆಯೇ. ಇನ್ನೊಬ್ಬಳು, “ಅವಳ ಬಟ್ಟೆ ಇರೋವರೆಗೂ ನಾವು ಈ ಮಹಡೀಲಿ ಮಲಗಲ್ಲ,” ಎಂದು ಹಟ ಹಿಡಿದಳು. ಇದು ಬಟ್ಟೆಯಿಂದ ಅಂಟುವ ರೋಗವಲ್ಲ ಎಂದು ವಾರ್ಡನ್ ತಿಳಿಹೇಳಿದರು. ಭಯಕ್ಕೆ ಕಿವಿ ಎಲ್ಲಿರುತ್ತದೆ? ಕೊನೆಗೆ ಹೊದಿಕೆಯಿಂದ ಹಿಡಿದು ಕರವಸ್ತ್ರದವರೆಗೆ ಎಲ್ಲವನ್ನೂ ಬಿಸಿನೀರಿಗೆ ಹಾಕಿ ಒಗೆಸಿದರು.

ಕೆಲವು ದಿನಗಳ ನಂತರ ಗುಬ್ಬಿಯ ತಾಯಿ ಸಾಮಾನು ಒಯ್ಯಲು ಬಂದರು. ಹೊಲಿಗೆ ಕೆಲಸ ಮಾಡುವಾಕೆ. ಮಂಚದ ಮೇಲೆ ಕೂತು, ಮಡಿಚಿಟ್ಟ ಒಂದೊಂದು ಬಟ್ಟೆಯನ್ನೂ ಮೂಗಿಗೆ ಹಿಡಿದು ಪಕ್ಕಕ್ಕಿಟ್ಟರು.

“ಎಲ್ಲಾ ಒಗೆಸಿಬಿಟ್ಟಿದ್ದೀರಾ?”

“ಹೂಂ.”

“ರೋಗ ಬಟ್ಟೇಲಿತ್ತಾ?”

ಹೌದು ಎಂದುಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. “ಇಲ್ಲಮ್ಮ. ಮಕ್ಕಳು ತುಂಬಾ ಹೆದರಿದ್ರು. ಅವರ ಸಮಾಧಾನಕ್ಕೆ ಒಗೆಸಿದೆ,” ಎಂದರು ವಾರ್ಡನ್.

ತಾಯಿ ಬೈಯಲಿಲ್ಲ. “ಮನೇಲಿದ್ದದ್ದನ್ನ ನಮ್ಮ ನಾದಿನಿ ಒಗೆದು ಹಾಕಿದ್ಲು. ಇಲ್ಲಾದ್ರೂ ಅವಳ ವಾಸನೆ ಇರೋದು ಒಂದು ಸಿಗುತ್ತೇನೋ ಅಂತ ಬಂದೆ,” ಎಂದರು.

ಆಗ ಬಾಗಿಲ ಬಳಿ ನಿಂತಿದ್ದ, ಗುಬ್ಬಿಯ ಜೊತೆ ಅದೇ ಕೋಣೆಯಲ್ಲಿದ್ದ ಹುಡುಗಿ ಒಳಗೆ ಬಂದು ತನ್ನ ಹಾಸಿಗೆಯ ಅಡಿಯಿಂದ ನೀಲಿ ಸ್ವೆಟರೊಂದನ್ನು ಎಳೆದಳು.

“ಮೇಡಂ, ಇದನ್ನ ಒಗೆಯೋಕೆ ಕೊಡಲಿಲ್ಲ. ಬಚ್ಚಿಟ್ಟಿದ್ದೆ.” “ಇಬ್ಬರೂ ಹಾಕ್ಕೋತಿದ್ವಿ.”

ತಾಯಿ ಸ್ವೆಟರಿನಲ್ಲಿ ಮುಖ ಹುದುಗಿಸಿ ಬಹಳ ಹೊತ್ತು ಹಾಗೇ ಕೂತರು. ತಲೆಯೆತ್ತಿದಾಗ, “ನಿನ್ನ ವಾಸನೇನೂ ಇದೆ ಮಗಳೇ. ಇರಲಿ, ನಂಗೆ ಕೊಡ್ತೀಯಾ?” ಎಂದು ಕೇಳಿದರು. ಹುಡುಗಿ ಹೂಂ ಎಂದು ತಲೆಯಾಡಿಸಿದಳು.

ಸಂಜೆ ಪೆಟ್ಟಿಗೆಯ ಒಂದು ಕಡೆ ತಾಯಿ, ಇನ್ನೊಂದು ಕಡೆ ವಾರ್ಡನ್ ಹಿಡಿದು ಬಸ್ ಸ್ಟಾಪಿಗೆ ನಡೆದರು.

“ಕೊನೇಲಿ ನೀವೇ ಇದ್ರಂತೆ. ಏನಾದ್ರೂ ಅಂದ್ಲಾ?” ತಾಯಿ ಕೇಳಿದರು.

“ಆಸ್ಪತ್ರೆ ಸೇರಿದ್ಮೇಲೆ ಎಚ್ಚರ ಇರಲಿಲ್ಲ. ಕಾರಲ್ಲಿ ಮಾತ್ರ ಬಾಯಿ ಮುಚ್ಚಲಿಲ್ಲ. ‘ನೀವು ಈ ಥರ ಓಡಿಸಿದ್ರೆ ನಾವು ತಲುಪೋಷ್ಟರಲ್ಲಿ ಪರೀಕ್ಷೆನೇ ಮುಗಿದಿರುತ್ತೆ’ ಅಂದ್ಲು.”

ತಾಯಿ ನಕ್ಕುಬಿಟ್ಟರು. ನಗು ಅರ್ಧಕ್ಕೇ ಒಡೆದು ಬಿಕ್ಕಾಯಿತು. ವಾರ್ಡನ್ ಪೆಟ್ಟಿಗೆಯನ್ನು ಕೆಳಗಿಟ್ಟು, ಅವರನ್ನು ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂರಿಸಿ ತಾವೂ ಪಕ್ಕ ಕೂತರು. ಅವರಿಗೂ ಅಳು ತಡೆಯಲಾಗಲಿಲ್ಲ. ಬಸ್ಸು ಬಂದು ನಿಂತಿತು, ಹೋಯಿತು. ಇಬ್ಬರೂ ಏಳಲಿಲ್ಲ.