ಬೇವೇರಿದ ಅವರೆಬಳ್ಳಿ

ಇಂದೂಬಾಯಿಯವರು ಅವರೆಕಾಯಿಯನ್ನು ಕಣ್ಣಿನಿಂದ ನೋಡಿ ಕೊಯ್ದು ಆರು ವರ್ಷಗಳಾದವು. ಈಗ ಅವರು ಕೊಯ್ಯುವುದೆಲ್ಲ ಬೆರಳಿನಿಂದಲೇ. ಕಣ್ಣಿನ ನರ ಬತ್ತಿ, ಬೆಳಕು ನೆರಳುಗಳ ಹೊರತು ಬೇರೇನೂ ಕಾಣದಂತಾದ ಮೇಲೂ ಇಂಡಿ ಊರಿನ ಆ ಮನೆಯ ಹಿತ್ತಲಲ್ಲಿ ಅವರ ಅವರೆ ಚಪ್ಪರ ಒಂದು ವರ್ಷವೂ ಬರಿದಾಗಿರಲಿಲ್ಲ. ಎಳೆಯದು ಯಾವುದು, ಬಲಿತದ್ದು ಯಾವುದು, ಹುಳು ಹೊಕ್ಕದ್ದು ಯಾವುದು ಎಂಬುದನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ ಹೇಳಿಬಿಡುತ್ತಾರೆ. ಸೊಸೆ ಸಂಪದಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಕಂಡದ್ದನ್ನಷ್ಟೇ ನಂಬುವ ಹೆಂಗಸು. ಮದುವೆಯಾಗಿ ಬಂದ ಹೊಸದರಲ್ಲಿ, ಅತ್ತೆ ಹುಳುಕೆಂದು ಬದಿಗಿಟ್ಟ ಹತ್ತು ಕಾಯಿಗಳನ್ನು ಗುಟ್ಟಾಗಿ ಬಿಡಿಸಿ ನೋಡಿದಳು. ಹತ್ತರಲ್ಲೂ ಹುಳುವಿತ್ತು. ಅಂದಿನಿಂದ ಆಕೆ ಪರೀಕ್ಷೆ ಮಾಡುವುದನ್ನು ಬಿಟ್ಟಳು.

ಬೆಳಗಿನ ಚಳಿಯಲ್ಲಿ ಅವರು ಹಿತ್ತಲಿಗಿಳಿಯುವ ಠೀವಿಯನ್ನು ನೋಡಬೇಕು! ಇಲಕಲ್ ಸೀರೆಯ ಮೇಲೆ, ಮಾಸ್ತರರಾಗಿದ್ದ ದಿವಂಗತ ಪತಿ ಜಯತೀರ್ಥರ ಕಂದು ಕೋಟು. ಎಡಜೇಬಿಗೆ ಎಳೆಗಾಯಿ, ಬಲಜೇಬಿಗೆ ಬಲಿತದ್ದು. ಪಾದವೆತ್ತದೆ ನೆಲವನ್ನು ತಡವುತ್ತ ಸಾಗಿ ಹದಿನಾಲ್ಕನೆಯ ಹೆಜ್ಜೆಗೆ ಸರಿಯಾಗಿ ಚಪ್ಪರದ ಗೂಟ ಮುಟ್ಟುತ್ತಾರೆ. "ತಡಿ" ಎಂಬುದು ಅವರ ಬಾಯಿಗೆ ಅಂಟಿಕೊಂಡ ಮಾತು. ಹಾಲು ಉಕ್ಕಿದರೂ ತಡಿ, ಬಸ್ಸು ಹೊರಟರೂ ತಡಿ, ಗಾಳಿಗೆ ತೂಗಿ ಕೈತಪ್ಪುವ ಬಳ್ಳಿಗೂ ತಡಿ. ತಮಾಷೆಯೆಂದರೆ, ಬಸ್ಸು ನಿಂತದ್ದೂ ಉಂಟು.

ಆ ಅವರೆ ಅವರು ಚಡಚಣದ ತವರಿನಿಂದ ಸೆರಗಿನ ಗಂಟಿನಲ್ಲಿ ತಂದ ತಳಿ. ಕಾಯಿಯ ಅಂಚಿಗೆ ನೇರಳೆ ಗೆರೆ, ಬಾಯಲ್ಲಿಟ್ಟರೆ ಬೆಣ್ಣೆ. ತವರಿನಲ್ಲಿ ಈಗ ಅದರ ಹೆಸರೂ ಉಳಿದಿಲ್ಲ. ವಿಚಿತ್ರವೆಂದರೆ ಮೊದಲ ಕಾಯಿ ತೂಗುವುದು ಚಾತುರ್ಮಾಸದ ಕಡೆಯ ತಿಂಗಳಲ್ಲಿ, ದ್ವಿದಳವ್ರತದ ಕಾಲದಲ್ಲಿ. ಆಗ ಬೇಳೆಕಾಳಾಗಲಿ ಅವರೆಯಾಗಲಿ ಆ ಮನೆಯ ಒಲೆಯೇರುವಂತಿಲ್ಲ. ಹಾಗಾಗಿ ಮೊದಲ ಎಳೆಗಾಯಿಯೆಲ್ಲ ಹಿಂದಿನ ಓಣಿಯ ಸಾವಂತ್ರವ್ವನ ಬುಟ್ಟಿಗೆ. ಪುಷ್ಟವಾದ ಒಂದಿಷ್ಟು ಕಾಯಿಗೆ ಹಳೆಯ ಸೀರೆಯಂಚಿನ ದಾರ ಕಟ್ಟಿ ಬೀಜಕ್ಕೆ ಬಿಡುವುದು. ಇನ್ನು, ಚಪ್ಪರ ದಾಟಿ ಬೇವಿನ ಮರವೇರಿದ ಬಳ್ಳಿ ಹಕ್ಕಿಗಳ ಪಾಲು. ಅದಕ್ಕೆ ಅವರು ಎಂದೂ ಕೈಚಾಚಿದವರಲ್ಲ.

ಹೋದ ವರ್ಷ ಕಾಯಿಲೆಬಿದ್ದ ತಂಗಿಯನ್ನು ನೋಡಿಕೊಳ್ಳಲು ಅವರು ಎರಡು ವಾರ ಮುದ್ದೇಬಿಹಾಳಕ್ಕೆ ಹೋದರು. ಅಷ್ಟರಲ್ಲಿ ಉತ್ಥಾನದ್ವಾದಶಿ ಬಂತು, ವ್ರತ ಮುಗಿಯಿತು. ಸಿಂದಗಿಯ ಸಂಪದಾಳ ತವರಿನಲ್ಲಿ ದೇವರ ನೈವೇದ್ಯಕ್ಕೆ ಮೀಸಲಾದ ಕಾಯಿಗೆ ದಾರ ಕಟ್ಟುವ ರೂಢಿ. ಅತ್ತೆ ಎಷ್ಟು ಮುಂದಾಲೋಚನೆ ಮಾಡಿ ಹೋಗಿದ್ದಾರೆಂದು ಮೆಚ್ಚಿಕೊಳ್ಳುತ್ತ, ಆಕೆ ದಾರವಿದ್ದ ಕಾಯಿಗಳನ್ನೇ ಒಂದೂ ಬಿಡದಂತೆ ಕೊಯ್ದು, ಪಲ್ಯ ಮಾಡಿ, ಭಕ್ತಿಯಿಂದ ದೇವರ ಮುಂದಿಟ್ಟಳು.

ಮರಳಿ ಬಂದ ಇಂದೂಬಾಯಿಯವರು ಚಪ್ಪರದ ಕೆಳಗೆ ನಿಂತು ದಾರಕ್ಕಾಗಿ ತಡಕಾಡಿ, ಬೀಜಕ್ಕೆ ಬಿಟ್ಟ ಕಾಯಿ ಎಲ್ಲಿ ಎಂದು ಕೇಳಿದಾಗಲೇ ಸಂಪದಾಳಿಗೆ ತನ್ನ ತಪ್ಪು ತಿಳಿದದ್ದು. ನಡೆದದ್ದನ್ನೆಲ್ಲ ಹೇಳಿದಳು. ಅತ್ತೆಯ ಬೆರಳುಗಳು ಬರಿಯ ತೊಟ್ಟುಗಳನ್ನು ಒಂದೊಂದಾಗಿ ಸವರಿದವು.

"ದೇವರಿಗೆ ಮುಟ್ಟಿತಲ್ಲಾ," ಎಂದರು. "ಪಲ್ಯಾ ಛಲೋ ಆಗಿತ್ತೇನವಾ?"

ಬೈದಿದ್ದರೆ ಎಷ್ಟೋ ವಾಸಿಯಿತ್ತು ಎನಿಸಿತು ಸಂಪದಾಳಿಗೆ. ತಡವಾಗಿ ಬಿಟ್ಟ ಕಾಯಿಯಾದರೂ ಬಲಿಯಲಿ ಎಂದು ಕಾದರೆ ಮೋಡ ಕವಿದು, ಗಿಡಹೇನು ಹತ್ತಿ, ಚಪ್ಪರದ ಬಳ್ಳಿ ಕಪ್ಪಿಟ್ಟು ಒಣಗಿತು. ಗಡಿಗೆಯ ಹಳೆಯ ಬೀಜವನ್ನು ನುಸಿ ತಿಂದಿತ್ತು. ಉಳಿದದ್ದು ಬೇವಿನ ತುದಿಯಲ್ಲಿ ಒಣಗಿ ಗಲಗಲಿಸುವ ಒಂದು ಹಿಡಿ ಕಾಯಿ ಮಾತ್ರ. ಸಾವಂತ್ರವ್ವ ಉದ್ದನೆಯ ದೋಟಿ ಹೊತ್ತು ಬಂದಳು.

"ಎರಡ ಏಟಿಗೆ ಕೆಳಗ ಬೀಳ್ತಾವ್ರಿ ಬಾಯಾರ. ಜಗ್ಗಲೇನ್ರಿ?"

"ತಡಿ. ಕೊಟ್ಟದ್ದು ಕಸಗೋಬಾರದು. ಬಿದ್ದದ್ದು ಆರಿಸ್ಕೋಬಹುದು."

ಸಂಪದಾ ಕೈಮುಗಿದು ಬೇಡಿಕೊಂಡಳು, ಇಂದೂಬಾಯಿಯವರ ಮಗ ಸಂಕರ್ಷಣ ರೇಗಿದ, ಮುದುಕಿ ಜಗ್ಗಲಿಲ್ಲ. ಶಿವರಾತ್ರಿ ಕಳೆದು ಬಿಸಿಲು ಬಲಿತಾಗ, ನಡುಮಧ್ಯಾಹ್ನ ಬೇವಿನ ಬುಡದಲ್ಲಿ ಮಣೆ ಹಾಕಿ ಕುಳಿತರು. ಒಣಗಿದ ಅವರೆ ಬಿಸಿಲಿಗೆ ಚಟ್ಟನೆ ಸಿಡಿದು ಬೀಜ ಚೆಲ್ಲುತ್ತದೆ; ಆ ಸದ್ದಿಗೆ ಕಾಯುವುದು ಅವರ ಹಂಚಿಕೆ. ಮೂರು ದಿನ ಅಳಿಲು, ಗೊರವಂಕಗಳದ್ದೇ ಗೆಲುವು. ಬೀಜ ಬಿದ್ದದ್ದು ಕಣ್ಣಿದ್ದ ಸಂಪದಾಳಿಗೇ ಕಾಣದು, ಇವರಿಗೆಲ್ಲಿಂದ ಸಿಕ್ಕೀತು?

ನಾಲ್ಕನೆಯ ದಿನ ಭಾನುವಾರ. ಸಂಪದಾ ಪಕ್ಕದಲ್ಲೇ ಕುಳಿತಿದ್ದಳು. ಮೇಲೆಲ್ಲೋ ಏನೋ ಸಿಡಿದಂತಾಯಿತು, ಅಷ್ಟೇ. ಇಂದೂಬಾಯಿಯವರು ಕತ್ತು ವಾಲಿಸಿ, "ತಡಿ" ಎಂದು ಎದ್ದು, ನೆಲ ತಡವುತ್ತ ಏಳು ಹೆಜ್ಜೆ ನಡೆದು, ಬಗ್ಗಿ, ತರಗೆಲೆಯ ನಡುವೆ ಕೈಯಿಟ್ಟರು. ಬೆರಳ ತುದಿಯಲ್ಲಿ ಕೆಂಪು ಬೀಜವೊಂದು ಬಿಳಿಯ ಮೂತಿ ಹೊತ್ತು ಕುಳಿತಿತ್ತು. ವಿಜ್ಞಾನ ಓದಿದ ಸಂಪದಾ, ಮಣ್ಣಾಗಿದ್ದ ಆ ಕೈಯನ್ನು ತೆಗೆದು ಕಣ್ಣಿಗೊತ್ತಿಕೊಂಡಳು.

ವಾರವೊಂದರಲ್ಲಿ ಒಂಬತ್ತು ಬೀಜ ಕೂಡಿದವು. ಅದರಲ್ಲಿ ಮೂರನ್ನು ಅವರು ಸಾವಂತ್ರವ್ವನಿಗೆ ಎತ್ತಿಕೊಟ್ಟಾಗ ಸಂಪದಾ ಉಳಿದ ಆರನ್ನು ಮತ್ತೊಮ್ಮೆ ಎಣಿಸಿದಳು.

"ಎಲ್ಲಾ ಒಂದ ಮನ್ಯಾಗಿಟ್ರ ಒಂದ ತಪ್ಪಿಗೆ ಹೋಗ್ತದ," ಎಂದರು ಅತ್ತೆ. "ತಪ್ಪು ನಂದೂ ಹೌದು. ದಾರ ಕಟ್ಟಿದೆ, ಮಾತ ಹೇಳಲಿಲ್ಲ."

ಈ ಮಳೆಗಾಲದಲ್ಲಿ ಮನೆಯ ಆರರಲ್ಲಿ ನಾಲ್ಕು, ಓಣಿಯ ಮೂರರಲ್ಲಿ ಎರಡು ಮೊಳೆತವು. ದಸರೆ ಕಳೆದು ದ್ವಿದಳದ ತಿಂಗಳು ಬಂದಾಗ ದಾರ ಕಟ್ಟಿದವಳು ಸಂಪದಾ. ಬಳ್ಳಿಯ ತುದಿ ಮತ್ತೆ ಬೇವಿಗೆ ಕೈಚಾಚಿತ್ತು. ಹೋದ ವರ್ಷದ ಪಾಡು ಸಾಕೆಂದು ಸಂಕರ್ಷಣ ಅದನ್ನು ಚಪ್ಪರಕ್ಕೆ ಎಳೆದು ಕಟ್ಟಲು ಹೋದ.

"ತಡೀರಿ," ಎಂದಳು ಸಂಪದಾ. "ಅದು ನಮ್ಮದಲ್ಲ."

ಹಿತ್ತಲ ಬಾಗಿಲಲ್ಲಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ ಇಂದೂಬಾಯಿಯವರ ಮುಖ ಅರಳಿತು. ಇಂಥ ಜನ ನಮ್ಮ ನಡುವೆ ಇನ್ನೂ ಇದ್ದಾರೆ. ಕೈಗೆಟುಕಿದ್ದರಲ್ಲಿ ಮೊದಲ ಪಾಲನ್ನು ನೆರೆಮನೆಗೆ, ಎಟುಕದ್ದನ್ನು ಪೂರಾ ಹಕ್ಕಿಗೆ ಬಿಟ್ಟು, ಮಿಕ್ಕಿದ್ದರಲ್ಲಿ ತೃಪ್ತಿಯಾಗಿ ಉಂಡೇಳುವವರು. ಎಲ್ಲ ಕಳೆದುಹೋದ ಒಂದು ದಿನ, ಅವರು ಎಂದೋ ಬಿಟ್ಟುಕೊಟ್ಟದ್ದೇ ಮೇಲಿನಿಂದ ಉದುರುತ್ತದೆ. ಆ ಸದ್ದು ಎಲ್ಲಿ ಬಿದ್ದಿತೆಂದು ಅವರಿಗೆ ಗೊತ್ತಿರುತ್ತದೆ.