ಡ್ರಿಪ್ ನಿಲ್ಲಿಸಿದವಳು

ಚಿಯಾಯಿ ಊರಿನ ಆ ದೊಡ್ಡ ಬೋಧನಾ ಆಸ್ಪತ್ರೆಯಲ್ಲಿ ಪೆಯ್-ಯುನ್‌ಗೆ ಅದು ವಾರ್ಡಿನ ನಾಲ್ಕನೇ ದಿನ. ವೈದ್ಯಕೀಯ ಓದುತ್ತಿದ್ದ ಹುಡುಗಿ. ಸಂಶೋಧನೆಯ ಹೊಸ ಔಷಧಿಯನ್ನು ಡ್ರಿಪ್ಪಿನಲ್ಲಿ ಹಾಕಿಸಿಕೊಳ್ಳುವ ರೋಗಿಗಳ ಪಕ್ಕ ಕೂತು ನಾಡಿ, ರಕ್ತದೊತ್ತಡ ಬರೆದುಕೊಳ್ಳುವುದಷ್ಟೇ ಅವಳ ಕೆಲಸ. "ಡ್ರಿಪ್ಪಿಗೆ ಕೈ ಹಾಕಿದ ವಿದ್ಯಾರ್ಥಿ ಮತ್ತೆ ನನ್ನ ವಾರ್ಡಿಗೆ ಕಾಲಿಡಬಾರದು" ಎಂದು ಪ್ರೊಫೆಸರ್ ಗಾವ್ ಮೊದಲ ದಿನವೇ ಗುಡುಗಿದ್ದರು.

ಅಂದು ಬೆಳಿಗ್ಗೆಯ ರೋಗಿ ತ್ಸಾಯ್ ಅಜ್ಜಿ. ಜೀವಮಾನವಿಡೀ ಸಮುದ್ರದ ಸಿಂಪಿ ಚಿಪ್ಪು ಒಡೆದು ಮಾಂಸ ಬಿಡಿಸಿದ ಬೆರಳುಗಳು ಸೊಟ್ಟಗಾಗಿದ್ದವು, ಕೀಲುನೋವು ಬೇರೆ.

"ಡಾಕ್ಟ್ರಮ್ಮಾ, ಮದುವೆ ಆಯ್ತಾ?"

"ನಾನಿನ್ನೂ ಡಾಕ್ಟ್ರೇ ಆಗಿಲ್ಲ ಅಜ್ಜಿ."

"ಎರಡೂ ಇಲ್ಲ ಅನ್ನು! ನನ್ನ ಮೊಮ್ಮಗ ಇದಾನೆ. ಗೊರಕೆ ಒಂದು ಬಿಟ್ರೆ ಬಂಗಾರ."

ನರ್ಸ್ ರಕ್ತದ ಮಾದರಿ ಕೊಡಲು ಲ್ಯಾಬಿಗೆ ಹೋದಳು. ಅಜ್ಜಿ ಕತ್ತು ಕೆರೆದುಕೊಂಡರು. "ತುಟಿ ಯಾಕೋ ದಪ್ಪ ಆಗ್ತಿದೆ ಕಣೇ..."

ತುಟಿ ನೋಡನೋಡುತ್ತ ಊದಿತು. ಉಸಿರಿನಲ್ಲಿ ಸಿಳ್ಳೆಯಂಥ ಸದ್ದು. ಪೆಯ್-ಯುನ್ ಗಂಟೆ ಒತ್ತಿದಳು. ಯಾರೂ ಬರಲಿಲ್ಲ. ಔಷಧಿ ಮೈಗೆ ಒಗ್ಗದೆ ಹೀಗಾಗುತ್ತಿದೆ ಎಂದು ಅವಳಿಗೆ ಗೊತ್ತಿತ್ತು, ಪುಸ್ತಕದಲ್ಲಿ ಓದಿದ್ದಳು. ಆದರೆ ಡ್ರಿಪ್ಪಿನತ್ತ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ತಪ್ಪು ತಿಳಿದಿದ್ದರೆ? ವರ್ಷಗಟ್ಟಲೆಯ ಸಂಶೋಧನೆ ತನ್ನಿಂದ ಕೆಟ್ಟರೆ? ಅಜ್ಜಿ ಅವಳ ಕೋಟಿನ ತುದಿ ಹಿಡಿದು ಜಗ್ಗಿದರು. ಮಾತು ಹೊರಡುತ್ತಿರಲಿಲ್ಲ, ಕಣ್ಣು ಮಾತ್ರ ಬೇಡುತ್ತಿತ್ತು.

ಪೆಯ್-ಯುನ್ ಡ್ರಿಪ್ ನಿಲ್ಲಿಸಿದಳು. ಬಾಗಿಲಿಗೆ ಓಡಿ ಗಂಟಲು ಹರಿಯುವಂತೆ ಕೂಗಿದಳು: "ಯಾರಾದ್ರೂ ಬನ್ನೀ! ಅಜ್ಜಿಗೆ ಉಸಿರು ಕಟ್ತಿದೆ!"

ನರ್ಸುಗಳು ನುಗ್ಗಿದರು. ತೊಡೆಗೆ ಇಂಜೆಕ್ಷನ್, ಮೂಗಿಗೆ ಆಮ್ಲಜನಕ. ಸಿಳ್ಳೆ ಮೆಲ್ಲಗೆ ಇಳಿಯಿತು.

ಅಷ್ಟರಲ್ಲಿ ಗಾವ್ ಬಂದರು. "ಡ್ರಿಪ್ ನಿಲ್ಲಿಸಿದ್ದು ಯಾರು?"

ಪೆಯ್-ಯುನ್ ಮುಂದೆ ಬಂದಳು. "ನಾನು, ಸರ್."

"ತುಟಿ ಊದಿದ್ದು ಕಂಡ ಎಷ್ಟು ಹೊತ್ತಿಗೆ?"

ಸುಳ್ಳು ಹೇಳಬಹುದಿತ್ತು. "ಎರಡು ನಿಮಿಷ ಆಯ್ತು. ನಿಮಗೆ ಹೆದರಿ ಸುಮ್ಮನೆ ನಿಂತಿದ್ದೆ."

ಗಾವ್ ಅಜ್ಜಿಯ ನಾಡಿ ಹಿಡಿದು ನೋಡಿದರು. ಆಮೇಲೆ, "ವರದಿಯಲ್ಲಿ ಅದನ್ನೂ ಬರಿ. ಯಾರಿಗೆ ಹೆದರಿದೆ ಅನ್ನೋದನ್ನೂ," ಎಂದರು.

ಅಜ್ಜಿಯನ್ನು ಸಂಶೋಧನೆಯಿಂದ ಕೈಬಿಟ್ಟು ಮೂರು ದಿನದಲ್ಲಿ ಮನೆಗೆ ಕಳಿಸಿದರು. ಸೋಮವಾರ ಗಾವ್ ಹೊಸ ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಿ ಮೊಟ್ಟಮೊದಲು ಕಲಿಸಿದ್ದು ಡ್ರಿಪ್ ನಿಲ್ಲಿಸುವುದನ್ನು. ಪೆಯ್-ಯುನ್ ಹಿಂದೆ ನಿಂತು ನೋಡಿದಳು.