ಬಳೆ ಏರದ ಕೈ

ಹುಮನಾಬಾದ್ ತಾಲೂಕಿನ ಹುಡಗಿ ಗ್ರಾಮದಲ್ಲಿ ತುಳಜಾಬಾಯಿಯ ಬಾಯಿಗೆ ಹೆದರದವರು ಕಡಿಮೆ. ಆ ಬಾಯಿ ಎರಡು ವರ್ಷದಿಂದ ಸೊಸೆ ಸ್ನೇಹಲಳ ಮೇಲೆಯೇ ಬಿದ್ದಿತ್ತು. ಮುಂಜಾನೆ ತಣ್ಣೀರು ಮುಟ್ಟಿದರೆ ಸಾಕು, ಸೊಸೆಯ ಬೆರಳುಗಳು ಸುಣ್ಣ ಬಳಿದಂತೆ ಬಿಳಿಯಾಗುತ್ತಿದ್ದವು. ಆಮೇಲೆ ನೀಲಿ, ಒಲೆಯ ಮುಂದೆ ಕೂತ ಮೇಲೆ ಕೆಂಪು. ರೊಟ್ಟಿ ಬಡಿಯಲು ಹೋದರೆ ಅಂಗೈ ಪೂರ್ತಿ ಬಿಚ್ಚುತ್ತಿರಲಿಲ್ಲ.

"ನಾವು ಬಾವಿ ನೀರಾಗ ಮೊಣಕೈ ತನಕ ಅದ್ದಿ ದುಡದೇವಿ. ಯಾರ ಬೆರಳೂ ಬಣ್ಣ ಬದಲಿಸಲಿಲ್ಲ. ನೀಯೇನು ಓತಿಕ್ಯಾತ ಏನ?" ಎಂದು ಅತ್ತೆ ಬೈಯುತ್ತಿದ್ದಳು.

ಓಣಿಯ ಹೆಂಗಸರು ಬೇರೆಯೇ ಹೇಳುತ್ತಿದ್ದರು. "ನಿನ್ನ ಸೊಸಿ ಮಾರಿ ಹ್ಯಾಂಗ ಮಿಂಚಾಕತ್ತದ ನೋಡು! ಒಂದು ಗೆರಿ ಇಲ್ಲ!" ತುಳಜಾಬಾಯಿ ಒಳಗೊಳಗೇ ಹಿಗ್ಗಿ, ಹೊರಗೆ ಮೂಗು ಮುರಿಯುತ್ತಿದ್ದಳು. "ಮಾರಿ ನೋಡಿದ್ರ ಮದುಮಗಳು, ಕೆಲಸ ನೋಡಿದ್ರ ಮುದುಕಿ." ಮುಖದ ಚರ್ಮ ಬಿಗಿಯುತ್ತಿದೆ, ಬಾಯಿ ಸಣ್ಣದಾಗುತ್ತಿದೆ, ರೊಟ್ಟಿಯ ತುತ್ತು ಗಂಟಲಲ್ಲಿ ನಿಲ್ಲುತ್ತಿದೆ ಎಂಬುದು ಯಾರ ಕಣ್ಣಿಗೂ ಬೀಳಲಿಲ್ಲ. ಅಯ್ಯೋ, ಕಣ್ಣಿದ್ದೂ ಕುರುಡಾಗುವುದು ಅಂದರೆ ಇದೇ.

ಸಂಕ್ರಾಂತಿ ಬಂತು. ಹಬ್ಬಕ್ಕೆ ಹೊಸ ಬಳೆ ಇಡಿಸಲು ಅತ್ತೆ ಸೊಸೆಯನ್ನು ಮಾಣಿಕನಗರದ ರಹೀಮಾಳ ಅಂಗಡಿಗೆ ಕರೆದೊಯ್ದಳು. ರಹೀಮಾ ಮೂವತ್ತು ವರ್ಷದಿಂದ ಬಳೆ ಏರಿಸುವವಳು. ಎಂದಿನಂತೆ ಸ್ನೇಹಲಳ ಕೈ ಹಿಡಿದು, ಹೆಬ್ಬೆರಳಿನ ಬುಡ ಒತ್ತಿ ಅಂಗೈ ಮಡಚಲು ನೋಡಿದಳು. ಕೈ ಮಡಚಲಿಲ್ಲ. ಮುಂಗೈಯ ಚರ್ಮ ಚಿವುಟಿ ಎತ್ತಲು ನೋಡಿದಳು. ಚರ್ಮ ಏಳಲಿಲ್ಲ. ಬಳೆಗಳನ್ನು ತಿರುಗಿ ಡಬ್ಬಿಗೆ ಹಾಕಿದಳು.

"ಈ ಕೈಗಿ ನಾ ಬಳಿ ಏರ್ಸಂಗಿಲ್ಲ ಬಾಯಿ. ಮೊದಲ ದೊಡ್ಡ ಡಾಕ್ಟರಿಗಿ ತೋರಿಸ್ರಿ."

"ಹಬ್ಬದಾಗ ಮುತ್ತೈದಿ ಕೈ ಬರಿದು ಕಳಸ್ತೀಯೇನು? ನಿನ್ನದೊಂದೇ ಅಂಗಡಿ ಏನ ಊರಾಗ?"

ತುಳಜಾಬಾಯಿ ಪಕ್ಕದ ಅಂಗಡಿಯಲ್ಲಿ ಒಂದು ಡಜನ್ ಹಸಿರು ಬಳೆ ಕೊಂಡಳು. ಮನೆಗೆ ಬಂದು, ಸೊಸೆಯ ಕೈಗೆ ಸಾಬೂನು ಹಚ್ಚಿ ತಾನೇ ಒತ್ತಿದಳು. ಮೂರನೆಯ ಬಳೆ ಚಟ್ಟನೆ ಒಡೆದು ಬೆರಳಿನ ಗೆಣ್ಣಿಗೆ ಹೊಕ್ಕಿತು. "ಸಾಕ್ರಿ ಅತ್ತೀ," ಅಂದಳು ಸ್ನೇಹಲ್. ಅಷ್ಟೇ ಅಂದಳು.

ಆ ಗಾಯ ತಿಂಗಳಾದರೂ ಮಾಯಲಿಲ್ಲ. ತುಳಜಾಬಾಯಿಯ ಮಗ, ಸ್ನೇಹಲಳ ಗಂಡ ದತ್ತು ಔಷಧಿ ಅಂಗಡಿಯಿಂದ ನೋವಿನ ಗುಳಿಗೆ ತಂದುಕೊಟ್ಟ. ಬೇಸಿಗೆಯಲ್ಲಿ ಒಣಕೆಮ್ಮು ಶುರುವಾಯಿತು. ಮಳೆಗಾಲದ ಹೊತ್ತಿಗೆ ಹೊಲಕ್ಕೆ ಬುತ್ತಿ ಒಯ್ಯುವಾಗ ಸ್ನೇಹಲ್ ಬದುವಿನ ಮೇಲೆ ಕೂತುಬಿಡುತ್ತಿದ್ದಳು. ಉಸಿರು ಸಾಲುತ್ತಿರಲಿಲ್ಲ. ಹಬ್ಬದ ದಿನ ಬಳೆ ಒಡೆದದ್ದೇ ಅಪಶಕುನ ಎಂದು ತುಳಜಾಬಾಯಿ ದೇವರಿಗೆ ಹರಕೆ ಹೊತ್ತಳು.

ಒಂದು ಸೋಮವಾರ, ಸ್ನೇಹಲಳ ಏದುಸಿರಿನ ಸುದ್ದಿ ಕೇಳಿ, ರಹೀಮಾ ತಾನೇ ಹುಡಗಿ ಊರಿಗೆ, ಅವರ ಮನೆಗೆ ಬಂದಳು. ಕೈಯಲ್ಲಿ ದವಾಖಾನೆಯ ಒಂದು ಹಳೆಯ ಫೈಲು.

"ಇದು ನನ್ನ ತಂಗಿ ಮೀನಾಜಳದು. ಬಸವಕಲ್ಯಾಣದಾಗ ಇದ್ದಳು. ಆಕಿ ಕೈನೂ ಹಿಂಗೇ ಇತ್ತು. ಮೂರು ವರ್ಷ ವಾಯು ಅಂದೇವಿ, ನಜರ್ ಅಂದೇವಿ, ತಾಯತ ಕಟ್ಟೇವಿ. ಆಕಿ ಕಡೀ ಈದಿಗಿ ಬಳಿ ಒತ್ತಿ ಏರ್ಸಿದಾಕಿ ನಾನೇ. ಕೈ ಹಿಡದೆ, ಕೈಯಾಗಿನ ರೋಗ ತಿಳೀಲಿಲ್ಲ." ಅವಳು ಫೈಲು ಬಿಚ್ಚಿದಳು. "ಹೈದರಾಬಾದಿಗಿ ಒಯ್ಯೂದ್ರಾಗ ಉಸಿರಾಡೋ ಪುಪ್ಪಸ ಗಟ್ಟಿ ಆಗಿತ್ತು. ಉಳೀಲಿಲ್ಲ. ಇದಕ್ಕ ಸ್ಕ್ಲೆರೋಡರ್ಮಾ ಅಂತಾರ. ಚರ್ಮ ಬಿಗೀತದ, ಒಳಗೂ ಬಿಗೀತದ."

ತುಳಜಾಬಾಯಿ ಒಂದು ಹೆಜ್ಜೆ ಹಿಂದೆ ಸರಿದಳು. "ಅಂಟು ರೋಗ ಏನ?"

"ಅಂಟಂಗಿಲ್ಲ. ಮೀನಾಜ್ ಉಂಡ ಗಂಗಾಳದಾಗೇ ನಾ ಉಂಡೇನಿ. ನನಗೇನಾಗ್ಯದ?"

ಮರುದಿನವೇ ದತ್ತು, ರಹೀಮಾ ಸೇರಿ ನಾಲ್ವರೂ ಕಲಬುರಗಿಗೆ ಹೋದರು. ಕೀಲು ರೋಗದ ಡಾಕ್ಟರಮ್ಮ ರಕ್ತ, ಬಿಪಿ, ಮೂತ್ರ, ಹೃದಯ ಎಲ್ಲ ನೋಡಿದರು. ಕೊಳವೆಗೆ ಊದಿಸಿ ಉಸಿರು ಅಳೆದರು, ಎದೆಯ ಸ್ಕ್ಯಾನ್ ಮಾಡಿಸಿದರು.

"ಮೈಯನ್ನ ಕಾಯೋ ಶಕ್ತಿನೇ ಮೈ ಮೇಲೆ ತಿರುಗಿ ಬಿದ್ದದ್ರಿ. ಯಾಕಂತ ಪೂರಾ ಯಾರಿಗೂ ಗೊತ್ತಿಲ್ಲ. ಇದು ಶಾಪ ಅಲ್ಲ, ಯಾರ ತಪ್ಪೂ ಅಲ್ಲ. ಪೂರ್ತಿ ಹೋಗಲಾಡಿಸೋ ದವಾ ಇನ್ನೂ ಇಲ್ಲ. ಆದ್ರ ತಡೀಲಿಕ್ಕಿ ದವಾ ಅದಾವ. ಪುಪ್ಪಸದ ಕೆಳಗಿನ ಪಾಲು ಗಟ್ಟಿಯಾಗ್ಯದ, ಅದು ತಿರುಗಿ ಮೆತ್ತಗಾಗಂಗಿಲ್ಲ. ಉಳದದ್ದು ಕಾಯಬೇಕು."

"ಸಂಕ್ರಾಂತಿಗೇ ಬಂದಿದ್ರ?" ತುಳಜಾಬಾಯಿ ಮೆಲ್ಲಗೆ ಕೇಳಿದಳು.

ಡಾಕ್ಟರಮ್ಮ ಸ್ಕ್ಯಾನಿನ ಚಿತ್ರ ಕೆಳಗಿಟ್ಟರು. "ಇಷ್ಟು ಕೆಟ್ಟಿರ್ತಿರಲಿಲ್ಲೇನೋ ಅಮ್ಮಾ."

ತುಳಜಾಬಾಯಿ ಸೊಸೆಯ ಗೆಣ್ಣಿನ ಗಾಯವನ್ನೇ ನೋಡುತ್ತ ಕೂತಳು.

ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು. ಈ ರೋಗದ ಮೇಲೆ ಸಂಶೋಧನೆ ನಡೆದಿದೆ. ಕೆಲವರ ಪುಪ್ಪಸ ಬಿಗಿಯುತ್ತದೆ, ಕೆಲವರದು ಬಿಗಿಯುವುದಿಲ್ಲ, ಅದೇಕೆ ಎಂದು ಹುಡುಕುತ್ತಿದ್ದಾರೆ. ಒಪ್ಪಿದರೆ ಸ್ನೇಹಲಳ ಸ್ವಲ್ಪ ರಕ್ತ ತೆಗೆದಿಡುತ್ತಾರೆ, ವರ್ಷ ವರ್ಷ ಉಸಿರಿನ ಲೆಕ್ಕ ಬರೆದುಕೊಳ್ಳುತ್ತಾರೆ.

ತುಳಜಾಬಾಯಿ ಹಳೆಯ ಬಾಯಿಯಲ್ಲೇ ಕೇಳಿದಳು. "ನನ್ನ ಸೊಸೀನ ಪ್ರಯೋಗದ ಇಲಿ ಮಾಡ್ತೀರೇನ್ರಿ?"

"ಹೊಸ ದವಾ ಏನೂ ಕೊಡಂಗಿಲ್ರಿ. ಒಲ್ಲೆ ಅಂದ್ರೂ ಚಿಕಿತ್ಸೆ ನಿಲ್ಲಂಗಿಲ್ಲ. ನಡುವ ಬ್ಯಾಡ ಅನಿಸಿದ್ರ ಬಿಡಬಹುದು. ಇದರಿಂದ ಇವರಿಗೇ ಲಾಭ ಆಗ್ತದಂತ ಸುಳ್ಳು ಹೇಳಂಗಿಲ್ಲ. ಮುಂದ ಬರೋರಿಗೆ ಆಗಬಹುದು."

ದತ್ತು ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಲು ಪೆನ್ನು ಎತ್ತಿದ. ಡಾಕ್ಟರಮ್ಮ ತಡೆದರು. "ನಿಮ್ಮದಲ್ರಿ. ಅವರದೇ ಬೇಕು."

ಸ್ನೇಹಲ್ ಕನ್ನಡದ ಆ ಕಾಗದವನ್ನು ಎರಡು ಸಲ ಓದಿದಳು. "ಅತ್ತೀ, ಮೀನಾಜಕ್ಕಗ ಏನಾಗಿತ್ತು ಅಂತ ರಹೀಮಕ್ಕ ಬಂದು ಹೇಳಿದಳು. ಅದಕ್ಕ ನಾ ಇಲ್ಲಿ ಕುಂತೀನಿ. ನನ್ನದೂ ಯಾರಿಗರೆ ಗೊತ್ತಾಗ್ಲಿ." ಬಗ್ಗದ ಬೆರಳುಗಳ ನಡುವೆ ಪೆನ್ನು ಸಿಕ್ಕಿಸಿಕೊಂಡು, ಒಂದೊಂದೇ ಅಕ್ಷರ ಬರೆದಳು. ರಹೀಮಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ರೋಗ ಇಲ್ದೋರ ರಕ್ತನೂ ಬೇಕಾಗ್ತದ, ಹೋಲಿಸಿ ನೋಡ್ಲಿಕ್ಕಿ," ಅಂದರು ಡಾಕ್ಟರಮ್ಮ. ತುಳಜಾಬಾಯಿ ತನ್ನ ಬಳೆಗಳನ್ನು ಮೇಲಕ್ಕೆ ಸರಿಸಿ ತೋಳು ಚಾಚಿದಳು.

ಮತ್ತೆ ಸಂಕ್ರಾಂತಿ ಬಂದಿದೆ. ಮುಂಜಾನೆ ತುಳಜಾಬಾಯಿಯೇ ನೀರು ಕಾಯಿಸುತ್ತಾಳೆ. ಸ್ನೇಹಲ್ ಉಣ್ಣೆಯ ಕೈಗವಸು ಹಾಕಿಕೊಂಡು ಕೂತಿರುತ್ತಾಳೆ. ಗುಳಿಗೆ ತಪ್ಪಿಸುವುದಿಲ್ಲ. ಕೆಮ್ಮು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಹೊಲದ ತನಕ ನಡೆಯುವುದು ಇನ್ನೂ ಆಗುವುದಿಲ್ಲ, ಮುಂದೆ ಆಗುತ್ತದೆಂದೂ ಯಾರೂ ಹೇಳಿಲ್ಲ.

ಎಳ್ಳು ಬೀರಲು ಬಂದ ನೆರೆಯವಳೊಬ್ಬಳು ಕೊಂಕು ತೆಗೆದಳು. "ಇದೇನ ತುಳಜಾಬಾಯಿ, ಹಬ್ಬದಾಗ ಸೊಸಿ ಕೈಯಾಗ ಬಳಿ ಇಲ್ಲ?"

"ಬಳಿ ಇಲ್ದಿದ್ರ ಇಲ್ಲ," ಅಂದಳು ತುಳಜಾಬಾಯಿ. "ಎದ್ಯಾಗ ಉಸುರು ಅದ. ಹಾಂ, ನಿನ್ನ ಕೈ ತಾ ಇಲ್ಲಿ." ನೆರೆಯವಳ ಕೈ ಹಿಡಿದು, ರಹೀಮಾ ನೋಡಿದಂತೆಯೇ ಹೆಬ್ಬೆರಳಿನ ಬುಡ ಒತ್ತಿ, ಚರ್ಮ ಚಿವುಟಿ ನೋಡಿ ಬಿಟ್ಟಳು.

ಓದುವ ಅಕ್ಕ ತಂಗಿಯರೇ, ಕೇಳುವ ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಒಮ್ಮೆ ಹೀಗೆ ಕೈ ಹಿಡಿದು ನೋಡಿ. ತಂಪಿಗೆ ಬೆರಳು ಬಿಳಿ, ನೀಲಿ ಆಗುತ್ತಿದ್ದರೆ, ಕೈ ಊದಿ ಬಿಗಿಯುತ್ತಿದ್ದರೆ, ನುಂಗಲು ಕಷ್ಟವಾದರೆ, ಒಣಕೆಮ್ಮು, ಏದುಸಿರು ಬಿಡದಿದ್ದರೆ ಬೈಯಬೇಡಿ, ದೊಡ್ಡ ದವಾಖಾನೆಗೆ ಕರೆದೊಯ್ಯಿರಿ. ಅಂಗಡಿಯಲ್ಲಿ ಕೇಳಿ ಗುಳಿಗೆ ನುಂಗಿಸಬೇಡಿ. ಸಂಶೋಧನೆಗೆ ಕರೆದರೆ ಓಡಬೇಡಿ, ಕೇಳಿ ತಿಳಿದು ನೀವೇ ನಿರ್ಧರಿಸಿ. ಎಚ್ಚರಿಕೆಯ ಮಾತು ಕೇಳಿದ ಮೇಲೂ ತುಳಜಾಬಾಯಿಯಂತೆ ಆರು ತಿಂಗಳು ಕಾಯಬೇಡಿ.